ಬ್ರೌಸರನ್ನು ಆರಿಸಿದವರು ಯಾರು?

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರು ಎಂದು ಹೆಸರು. ಕಾಲೇಜಿನ ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕೇಳಿದರೆ ಒಬ್ಬೊಬ್ಬರೂ ತಮ್ಮ ಬ್ರೌಸರನ್ನೇ ಹೊಗಳುವರು. ಒಬ್ಬರಿಗೆ ಅದರ ವೇಗ ಹಿಡಿಸಿದೆ. ಇನ್ನೊಬ್ಬರಿಗೆ ಅದರ ಅಂದ. ಆದರೆ, “ಬೇರೆ ಯಾವುದನ್ನು ಬಳಸಿ ನೋಡಿದ್ದೀರಿ?” ಎಂದು ಕೇಳಿದರೆ ಹಲವರು ಸುಮ್ಮನಾಗುವರು. ಹಾಗಾದರೆ ಈ ಮೆಚ್ಚಿಕೆ ಎಲ್ಲಿಂದ ಹುಟ್ಟಿತು? ಯೂರೋಪಿನಲ್ಲಿ ನಡೆದ ಒಂದು ಪ್ರಕರಣವು ಈ ಪ್ರಶ್ನೆಯ ಮೇಲೆ ಬೆಳಕು ಬೀರುತ್ತದೆ.

೧೯೯೪ರಲ್ಲಿ ಬಂದ ನೆಟ್‌ಸ್ಕೇಪ್ ಎಂಬ ಬ್ರೌಸರು ಕೆಲಕಾಲ ಎಲ್ಲಕ್ಕಿಂತ ಜನಪ್ರಿಯವಾಗಿತ್ತು. ೧೯೯೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರತಂದು, ಮುಂದೆ ಅದನ್ನು ತನ್ನ ವಿಂಡೋಸಿನೊಡನೆಯೇ ಕೊಡತೊಡಗಿತು. ಕಂಪ್ಯೂಟರನ್ನು ಕೊಂಡವನಿಗೆ ಬ್ರೌಸರನ್ನು ಹುಡುಕುವ ಶ್ರಮವೇ ಇರಲಿಲ್ಲ. ೨೦೦೨-೦೩ರ ಹೊತ್ತಿಗೆ ಜಾಲವನ್ನು ನೋಡುವವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಇದನ್ನೇ ಬಳಸುತ್ತಿದ್ದರು. ಅವರೆಲ್ಲರೂ ಅದನ್ನು ಆರಿಸಿದರೆನ್ನುವುದಕ್ಕಿಂತ, ಕೈಗೆ ಬಂದುದನ್ನು ಬಿಡಲಿಲ್ಲವೆನ್ನುವುದೇ ಹೆಚ್ಚು ಸರಿ.

ಇದರಿಂದ ಉಳಿದ ಬ್ರೌಸರುಗಳಿಗೆ ಅನ್ಯಾಯವಾಗುತ್ತದೆಂದು ಯೂರೋಪಿಯನ್ ಕಮಿಷನ್ ಆಕ್ಷೇಪಿಸಿತು. ೨೦೦೯ರ ಡಿಸೆಂಬರಿನಲ್ಲಿ ಒಂದು ಒಪ್ಪಂದವಾಗಿ, ಮರುವರ್ಷದ ಮಾರ್ಚಿನ ವೇಳೆಗೆ ಅಲ್ಲಿಯ ವಿಂಡೋಸ್ ಬಳಕೆದಾರರ ಎದುರಿಗೆ ಆಯ್ಕೆಯ ಪುಟವೊಂದು ಬರತೊಡಗಿತು. ಅದರಲ್ಲಿ ೧೨ ಬ್ರೌಸರುಗಳಿದ್ದರೂ ಮೊದಲ ನೋಟಕ್ಕೆ ಕಾಣುತ್ತಿದ್ದವು ಐದು: ಇಂಟರ್ನೆಟ್ ಎಕ್ಸ್‌ಪ್ಲೋರರ್, ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮತ್ತು ಒಪೇರಾ. ಪಟ್ಟಿಯಲ್ಲಿನ ಸ್ಥಾನವೇ ಒಂದು ಅನುಕೂಲವಾಗಬಹುದಾದುದರಿಂದ ಈ ಐದರ ಕ್ರಮವನ್ನು ಪ್ರತಿ ಸಲವೂ ಕಲಸಿ ತೋರಿಸಬೇಕೆಂದು ಗೊತ್ತಾಗಿತ್ತು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಐದಕ್ಕೂ ಸಮಾನ ಅವಕಾಶವಿದ್ದರೆ ಯಾವುದೇ ಒಂದು ಹೆಸರು ಕೊನೆಯ ಸ್ಥಾನಕ್ಕೆ ಬರುವ ಸಂಭವ ಐದರಲ್ಲೊಂದು. ಆದರೆ ಪುಟವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿಯೇ ತೆರೆದಾಗ, ಸುಮಾರು ಅರ್ಧದಷ್ಟು ಸಲ ಅದರ ಹೆಸರೇ ಕಡೆಯಲ್ಲಿ ಬರುತ್ತಿದ್ದುದನ್ನು ಪರೀಕ್ಷಕರು ಕಂಡುಹಿಡಿದರು. ಅದು ಮೈಕ್ರೋಸಾಫ್ಟಿನ ಸ್ವಂತ ಬ್ರೌಸರಲ್ಲವೇ? ಇದು ಕಪಟವಲ್ಲ, ಗಣಿತದ ತಪ್ಪು.

ತಪ್ಪು ಹೇಗಾಯಿತೆಂಬುದನ್ನು ಒಂದು ಆಟದಿಂದ ತಿಳಿಯೋಣ. ಐವರು ವಿದ್ಯಾರ್ಥಿಗಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಬೇಕಾದರೆ ಒಬ್ಬೊಬ್ಬರನ್ನಾಗಿ ಸಾಲಿನ ಕೊನೆಗೆ ಕರೆದು, ಮುಂದಿನವನೊಡನೆ ಅಳೆದುನೋಡಿ, ಬೇಕಾದಷ್ಟು ಮುಂದಕ್ಕೆ ಸರಿಸುತ್ತೇವೆ. ಈಗ ಅಳತೆಯ ಬದಲು ನಾಣ್ಯವನ್ನು ಚಿಮ್ಮೋಣ. ತಲೆ ಮೇಲೆ ಬಂದರೆ ಒಂದು ಸ್ಥಾನ ಮುಂದಕ್ಕೆ. ಇಲ್ಲವಾದರೆ ಅಲ್ಲಿಯೇ ನಿಲುಗಡೆ. ಐದನೆಯವನು ಬಂದಾಗ ಮೊದಲ ಚಿಮ್ಮಿಗೇ ನಿಂತುಬಿಡುವ ಸಂಭವ ಎರಡರಲ್ಲೊಂದು. ಅವನು ಸಾಲಿನ ತಲೆಗೆ ಬರಬೇಕಾದರೆ ನಾಲ್ಕು ಸಲ ಎಡೆಬಿಡದೆ ತಲೆಯೇ ಬೀಳಬೇಕು. ಆ ಸಂಭವ ಹದಿನಾರರಲ್ಲೊಂದು ಮಾತ್ರ. ನಾಣ್ಯವು ನಿಷ್ಪಕ್ಷಪಾತವಾಗಿದ್ದರೂ ವಿಧಾನವು ಹಾಗಿಲ್ಲ! ಆಯ್ಕೆಯ ಪುಟವನ್ನು ಬರೆದವರೂ ಹೀಗೆಯೇ, ವಸ್ತುಗಳನ್ನು ಕ್ರಮಗೊಳಿಸುವ ಸೂಚನೆಗೆ ಹೋಲಿಕೆಯ ಬದಲು ಯದೃಚ್ಛೆಯ ಉತ್ತರಗಳನ್ನು ಒದಗಿಸಿದ್ದರು.

ಸರಿಯಾದ ವಿಧಾನವು ಬಲು ಸರಳ. ಐದು ಚೀಟಿಗಳನ್ನು ಗಡಿಗೆಯಲ್ಲಿ ಹಾಕಿ ಒಂದನ್ನು ಎತ್ತುವುದು, ಉಳಿದ ನಾಲ್ಕರಿಂದ ಇನ್ನೊಂದು, ಹೀಗೆಯೇ ಕೊನೆಯವರೆಗೆ. ಆಗ ೧೨೦ ಕ್ರಮಗಳಿಗೂ ಸಮಾನ ಅವಕಾಶ ದೊರೆಯುತ್ತದೆ. ಫಿಷರ್ ಮತ್ತು ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೩೮ರಷ್ಟು ಹಿಂದೆಯೇ ಇದನ್ನು ಪ್ರಕಟಿಸಿದ್ದರು. ೨೦೧೦ರ ಮಾರ್ಚಿನಲ್ಲಿಯೇ ಪುಟದ ತಪ್ಪನ್ನು ತಿದ್ದಲಾಯಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ೨೦೧೧ರ ಮೇ ತಿಂಗಳಿಂದ ೨೦೧೨ರ ಜುಲೈವರೆಗೆ ಸುಮಾರು ಒಂದೂವರೆ ಕೋಟಿ ಮಂದಿಗೆ ಆಯ್ಕೆಯ ಪುಟವು ಕಾಣಲೇ ಇಲ್ಲ. ಈ ಲೋಪಕ್ಕಾಗಿ ೨೦೧೩ರಲ್ಲಿ ಸಂಸ್ಥೆಗೆ ೫೬ ಕೋಟಿ ೧೦ ಲಕ್ಷ ಯೂರೋಗಳ ದಂಡ ಬಿದ್ದಿತು. ಒಂದು ಪುಟವನ್ನು ತೋರಿಸದಿರುವುದಕ್ಕೆ ಇಷ್ಟು ಬೆಲೆಯೇ ಎಂದು ವಾಚಕರು ಬೆರಗಾಗಬಹುದು. ಎದುರಿಗೆ ಇಡದ ವಸ್ತುವನ್ನು ಹೆಚ್ಚಿನವರು ಹುಡುಕಿಕೊಂಡು ಹೋಗುವುದಿಲ್ಲವೆಂಬುದೇ ಇದಕ್ಕೆ ಉತ್ತರ.

ಇಂದು ನಾವು ಹೆಸರನ್ನು ನೋಡಿ ಆರಿಸಿದರೂ ಸಾಲದು; ಪುಟವನ್ನು ಕಟ್ಟಿ ತೋರಿಸುವ ಒಳಗಿನ ಎಂಜಿನನ್ನೂ ಗಮನಿಸಬೇಕು. ಒಪೇರಾ ೨೦೧೩ರಿಂದಲೂ ಮೈಕ್ರೋಸಾಫ್ಟಿನ ಎಡ್ಜ್ ೨೦೨೦ರಿಂದಲೂ ಕ್ರೋಮಿನ ಎಂಜಿನನ್ನೇ ಬಳಸುತ್ತಿವೆ. ಫೈರ್‌ಫಾಕ್ಸಿನದು ಬೇರೆ, ಸಫಾರಿಯದು ಮತ್ತೊಂದು. ಎಲ್ಲರೂ ಒಂದೇ ಎಂಜಿನನ್ನು ನೆಚ್ಚಿದರೆ ಪುಟಗಳನ್ನು ಬರೆಯುವವರು ಅದಕ್ಕೆ ಮಾತ್ರ ಹೊಂದುವಂತೆ ಬರೆಯುವರು; ಆಗ ಹೊಸ ಬ್ರೌಸರು ತಲೆಯೆತ್ತುವುದು ಕಠಿನ.

ಆದುದರಿಂದ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಲಿ. ಬೇರೆ ಬೇರೆ ಎಂಜಿನುಗಳ ಎರಡು ಬ್ರೌಸರುಗಳನ್ನು ಒಂದೊಂದು ವಾರ ಬಳಸಲಿ. ಪುಟ ತೆರೆಯುವ ವೇಗವೆಷ್ಟು, ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ, ನಮ್ಮ ಓಡಾಟವನ್ನು ಹಿಂಬಾಲಿಸುವವರಿಗೆ ತಡೆಯುಂಟೇ ಎಂಬುದನ್ನು ಬರೆದಿಡಲಿ. ಕೊನೆಗೆ ಹಳೆಯದನ್ನೇ ಉಳಿಸಿಕೊಂಡರೂ ಚಿಂತೆಯಿಲ್ಲ. ಆಗ ಅದು ನಿಜವಾಗಿ ನಮ್ಮ ಆಯ್ಕೆಯಾಗಿರುತ್ತದೆ.