ಮಿದುಳೊಳಗಿನ ರೇಷ್ಮೆಹುಳು

ಇಟಲಿಯ ಬೊಲೋನ್ಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಜೂಲಿಯೊ ಚೇಸರೆ ಅರಾಂಜಿ ಅವರಿಗೆ, ಮನುಷ್ಯನ ಮಿದುಳನ್ನು ಸೀಳಿ ನೋಡುವಾಗ ಒಳಗೆ ಬಾಗಿ ಮಲಗಿದ್ದ ಬೆಳ್ಳನೆಯ ಉಬ್ಬೊಂದು ಕಂಡಿತು. 1587ರಲ್ಲಿ ಅಚ್ಚಾದ ಅವರ ಬರಹದಲ್ಲಿ ಅದಕ್ಕೆ ಎರಡು ಹೋಲಿಕೆಗಳಿವೆ: ಒಂದು ಕಡಲಕುದುರೆ, ಇನ್ನೊಂದು ಬಿಳಿ ರೇಷ್ಮೆಹುಳು. ಉಳಿದುಕೊಂಡದ್ದು ಕಡಲಕುದುರೆ. ಗ್ರೀಕ್ ಮೂಲದ ‘ಹಿಪೊಕ್ಯಾಂಪಸ್’ ಎಂದರೆ ಅದೇ. ರೇಷ್ಮೆಹುಳು ಗೆದ್ದಿದ್ದರೆ, ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತ ಬೆಳೆದ ಮಕ್ಕಳಿಗೆ ಈ ಭಾಗದ ಆಕಾರವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಿದುಳಿನ ಹೆಸರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಹುಟ್ಟಿದವು. ಭಯದ ಜೊತೆ ನಂಟಿರುವ ಅಮಿಗ್ಡಲ ಎಂದರೆ ಬಾದಾಮಿ ಬೀಜ. ಕಾರ್ಟೆಕ್ಸ್ ಎಂದರೆ ಮರದ ತೊಗಟೆ, ಪಾನ್ಸ್ ಎಂದರೆ ಸೇತುವೆ. ಸೆರೆಬೆಲ್ಲಮ್ ಎಂದರೆ ಪುಟ್ಟ ಮಿದುಳು, ಅಷ್ಟೇ. ಆದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ಅದು ‘ಅನುಮಸ್ತಿಷ್ಕ’. ಮೂಲದಲ್ಲಿ ಅಂಗಳದ ಮಾತಾಗಿದ್ದದ್ದು ಕನ್ನಡಕ್ಕೆ ಬರುವಾಗ ಯಾಕೆ ಬಾಯಿಪಾಠದ ಮಾತಾಗಬೇಕು? ಕಿರುಮಿದುಳು ಎಂದರೆ ಮಗುವಿಗೂ ತಿಳಿಯುತ್ತದೆ. ‘ಬೆನ್ನುಹುರಿ’ ಎಂಬ ಪದ ಕೊಟ್ಟವರು ಯಾರೇ ಇರಲಿ, ಅವರಿಗೆ ಕೈಮುಗಿಯಬೇಕು. ಹುರಿ ಹೊಸೆಯುವುದನ್ನು ಕಂಡವರಿಗೆ ಅರ್ಧ ಪಾಠ ಅಲ್ಲೇ ಮುಗಿಯಿತು.

ಕಣ್ಣಿಗೆ ಕಂಡಂತೆ ಇಟ್ಟ ಹೆಸರು ದಾರಿ ತಪ್ಪಿಸುವುದೂ ಉಂಟು. ನರಕೋಶಗಳ ನಡುವೆ ತುಂಬಿಕೊಂಡ ವಸ್ತುವನ್ನು ಜರ್ಮನಿಯ ರುಡಾಲ್ಫ್ ವಿರ್ಕೊ 1856ರಲ್ಲಿ ‘ಗ್ಲಿಯ’ ಎಂದು ಕರೆದರು, ಅಂದರೆ ಅಂಟು. ಅದರಲ್ಲಿರುವ ಕೋಶಗಳಿಗೆ ಹಿಡಿದಿಡುವುದಷ್ಟೇ ಕೆಲಸ ಎಂಬ ಭಾವನೆ ಬಹುಕಾಲ ಉಳಿಯಿತು. ನಿಜದಲ್ಲಿ ನರತಂತುಗಳಿಗೆ ಕವಚ ಸುತ್ತುವುದು, ಬಳಸಿ ಮಿಕ್ಕ ರಾಸಾಯನಿಕಗಳನ್ನು ಹೀರಿಕೊಳ್ಳುವುದು, ಸೋಂಕನ್ನು ಎದುರಿಸುವುದು ಎಲ್ಲವೂ ಅವುಗಳದೇ ಕೆಲಸ. ಎರಡು ನರಕೋಶಗಳು ಸಂಧಿಸುವ ಜಾಗಕ್ಕೆ 1897ರಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಬಳಕೆಗೆ ತಂದ ‘ಸಿನಾಪ್ಸ್’ ಎಂಬ ಹೆಸರಿನದು ಇನ್ನೊಂದು ಬಗೆ. ಗ್ರೀಕ್ ವಿದ್ವಾಂಸರೊಬ್ಬರು ಸೂಚಿಸಿದ ಆ ಪದದ ಮೂಲದಲ್ಲಿ ಒಂದನ್ನೊಂದು ಹಿಡಿದುಕೊಳ್ಳುವ ಅರ್ಥವಿದೆ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಆ ಎರಡು ನರಕೋಶಗಳ ನಡುವೆ ಸಣ್ಣ ಬಿರುಕು ಕಂಡಿತು. ರಾಸಾಯನಿಕದ ಮೂಲಕ ಮಾತು ದಾಟುವುದು ಆ ಸಂದಿಯಲ್ಲೇ.

ಕಡಲಕುದುರೆಯ ಕೆಲಸವಂತೂ ಹೆಸರಿಟ್ಟ 370 ವರ್ಷಗಳವರೆಗೆ ಸ್ಪಷ್ಟವಾಗಿರಲಿಲ್ಲ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು, ಮೂರ್ಛೆರೋಗದಿಂದ ಬಳಲುತ್ತಿದ್ದ 27 ವರ್ಷದ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯಲ್ಲಿ ಆ ಭಾಗವನ್ನು ಸುತ್ತಲಿನ ಅಂಗಾಂಶದ ಸಮೇತ ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಮುಖ, ಹೊಸ ಮಾತು, ಹೊಸ ದಿನ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು. ಕೆನಡಾದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮತ್ತು ಸ್ಕೋವಿಲ್ 1957ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು.

ಮಿಲ್ನರ್ ಅಲ್ಲಿಗೇ ನಿಲ್ಲಲಿಲ್ಲ. ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತ, ಜೋಡಿ ಗೆರೆಗಳ ನಕ್ಷತ್ರದ ನಡುವೆ ಪೆನ್ಸಿಲ್ ಎಳೆಯುವ ಕೆಲಸ ಕೊಟ್ಟರು. ಮೊದಲು ಕೈ ಎತ್ತೆತ್ತಲೋ ಹೋಯಿತು. ಮೂರನೆಯ ದಿನಕ್ಕೆ ಗೆರೆ ಅಚ್ಚುಕಟ್ಟಾಗಿ ಬಂತು. ಈ ಕೆಲಸವನ್ನು ತಾನು ಹಿಂದೆ ಮಾಡಿದ್ದೇನೆಂಬುದೇ ಮೊಲೈಸನ್ ಅವರಿಗೆ ನೆನಪಿರಲಿಲ್ಲ. ಆದರೂ ಕೈ ಪಳಗಿತ್ತು. ನೆನಪು ಬೇರೆ, ಕೈರೂಢಿ ಬೇರೆ, ಮಿದುಳಿನಲ್ಲಿ ಎರಡಕ್ಕೂ ಬೇರೆಬೇರೆ ದಾರಿಗಳಿವೆ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿಯಾದವು.

ಅರ್ಧ ಶತಮಾನ ಅವರು ಸಂಶೋಧಕರ ಜೊತೆ ಸಹಕರಿಸಿದರು. ಪ್ರತಿ ಭೇಟಿಯೂ ಅವರಿಗೆ ಮೊದಲ ಭೇಟಿಯೇ. 2008ರ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಲೋಕಕ್ಕೆ ಅವರು ಕೇವಲ ‘ಎಚ್.ಎಂ.’ ಆಗಿದ್ದರು. ಮರುವರ್ಷ ಸ್ಯಾನ್ ಡಿಯೇಗೊದಲ್ಲಿ ಅವರ ಮಿದುಳನ್ನು 2,401 ತೆಳು ಪದರಗಳಾಗಿ ಕತ್ತರಿಸಿದರು. ಪೂರ್ತಿ ಹೋಗಿದೆಯೆಂದು ಬಹುಕಾಲ ನಂಬಿದ್ದ ಕಡಲಕುದುರೆಯ ಹಿಂಭಾಗ ಎರಡೂ ಬದಿಯಲ್ಲಿ ಸಾಕಷ್ಟು ಉಳಿದುಕೊಂಡೇ ಇತ್ತು.