ನಿಮಗಿದು ಗೊತ್ತೇ? ಬ್ರಿಟನ್‌ನಲ್ಲಿ ಕಾದಂಬರಿ ಬೆಳೆದ ಬಗೆ

19ನೇ ಶತಮಾನದ ಬ್ರಿಟನ್‌ನಲ್ಲಿ ಕಾದಂಬರಿಯನ್ನು ಬೆಳೆಸಿದವರು ಬರಹಗಾರರಷ್ಟೇ ಅಲ್ಲ. ಪುಸ್ತಕದ ಬೆಲೆ, ಬಾಡಿಗೆ ಲೈಬ್ರರಿ, ರೈಲು, ತೆರಿಗೆ ಎಲ್ಲಕ್ಕೂ ಅದರಲ್ಲಿ ಪಾಲಿದೆ.

● 1811ರಲ್ಲಿ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಹೊರಬಂದಾಗ ಬರೆದವರ ಹೆಸರಿರಲಿಲ್ಲ. ‘ಒಬ್ಬ ಮಹಿಳೆ’ ಎಂದಷ್ಟೇ ಅಚ್ಚಾಗಿತ್ತು. 1817ರಲ್ಲಿ ತೀರಿಕೊಳ್ಳುವವರೆಗೂ ಜೇನ್ ಆಸ್ಟೆನ್ ಹೆಸರು ಅವರ ಯಾವ ಕಾದಂಬರಿಯ ಮೇಲೂ ಕಾಣಿಸಲಿಲ್ಲ.

● ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಹಕ್ಕನ್ನು ಆಸ್ಟೆನ್ 110 ಪೌಂಡ್‌ಗೆ ಮಾರಿಬಿಟ್ಟಿದ್ದರು. ಆಮೇಲಿನ ಮರುಮುದ್ರಣಗಳ ಲಾಭವೆಲ್ಲ ಪ್ರಕಾಶಕರಿಗೇ ಹೋಯಿತು.

● ಹೆಸರು ಮುಚ್ಚಿಟ್ಟವರಲ್ಲಿ ಗಂಡಸರೂ ಇದ್ದರು. 1814ರಲ್ಲಿ ‘ವೇವರ್ಲಿ’ ಬರೆದ ವಾಲ್ಟರ್ ಸ್ಕಾಟ್, ಅದು ತಮ್ಮದೆಂದು ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ.

● ಅದೇ 1827ರಲ್ಲಿ ಬಂದ ಸ್ಕಾಟ್ ಅವರ ‘ದಿ ಸರ್ಜನ್ಸ್ ಡಾಟರ್’ ಕಥೆ ಕೊನೆಗೆ ಮೈಸೂರು ಸೀಮೆಗೆ ಬರುತ್ತದೆ. ಹೈದರಾಲಿ, ಟಿಪ್ಪು ಇಬ್ಬರೂ ಅದರಲ್ಲಿ ಪಾತ್ರಧಾರಿಗಳು. ಸ್ಕಾಟ್ ಮಾತ್ರ ಒಮ್ಮೆಯೂ ಭಾರತಕ್ಕೆ ಬಂದವರಲ್ಲ.

● 1821ರಲ್ಲಿ ಸ್ಕಾಟ್ ಅವರ ‘ಕೆನಿಲ್‌ವರ್ತ್’ ಮೂರು ಸಂಪುಟಗಳಲ್ಲಿ ಬಂತು. ಬೆಲೆ 31 ಶಿಲಿಂಗ್ 6 ಪೆನ್ಸ್. ಮುಂದೆ ಸುಮಾರು 70 ವರ್ಷ ಹೊಸ ಕಾದಂಬರಿಗಳಿಗೆ ಇದೇ ರೂಢಿಯ ಬೆಲೆಯಾಯಿತು.

● ಇಷ್ಟು ದುಡ್ಡು ಕೊಟ್ಟು ಕೊಳ್ಳುವವರು ವಿರಳ. ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ 1842ರಲ್ಲಿ ಪುಸ್ತಕ ಎರವಲು ಕೊಡಲು ಶುರುಮಾಡಿದರು. ಚಂದಾ ವರ್ಷಕ್ಕೆ 21 ಶಿಲಿಂಗ್, ಅಂದರೆ ಒಂದು ಕಾದಂಬರಿಯ ಬೆಲೆಗಿಂತಲೂ ಕಡಿಮೆ!

● ಈ ಚಂದಾಕ್ಕೆ ಒಂದು ಸಲಕ್ಕೆ ಒಂದೇ ಸಂಪುಟ. ಹಾಗಾಗಿ ಮೂರು ಭಾಗಗಳ ಒಂದೇ ಕಾದಂಬರಿ ಏಕಕಾಲಕ್ಕೆ ಮೂರು ಮನೆಗಳಲ್ಲಿರಬಹುದಿತ್ತು. ಕಥೆ ಉದ್ದವಾದಷ್ಟೂ ಲೈಬ್ರರಿಗೆ ಲಾಭ.

● ಮನೆಮಂದಿ ಓದಬಾರದ್ದು ಎಂದು ಮ್ಯೂಡಿಗೆ ಅನಿಸಿದರೆ ಆ ಪುಸ್ತಕಕ್ಕೆ ಅಲ್ಲಿ ಜಾಗವಿಲ್ಲ. ಇದರಿಂದ ಪೆಟ್ಟು ತಿಂದ ಕಾದಂಬರಿಕಾರ ಜಾರ್ಜ್ ಮೂರ್ 1885ರಲ್ಲಿ ಅವರ ವಿರುದ್ಧ ಕಿರುಹೊತ್ತಗೆಯನ್ನೇ ಪ್ರಕಟಿಸಿದರು.

● ಕೊಳ್ಳಲಾಗದವರಿಗೆ ಕಂತಿನ ದಾರಿಯೂ ಇತ್ತು. ಚಾರ್ಲ್ಸ್ ಡಿಕನ್ಸ್ ಅವರ ‘ಪಿಕ್‌ವಿಕ್ ಪೇಪರ್ಸ್’ 1836ರಿಂದ ತಿಂಗಳಿಗೊಂದು ಕಂತಾಗಿ, ಒಂದು ಶಿಲಿಂಗ್‌ಗೆ ಬಂತು. ಆರಂಭದಲ್ಲಿ ಹೆಚ್ಚೆಂದರೆ ಸಾವಿರ ಪ್ರತಿ. ಮುಗಿಯುವ ಹೊತ್ತಿಗೆ ಸುಮಾರು 40,000!

● ಬ್ರಾಂಟೆ ಸಹೋದರಿಯರು ಬರೆದದ್ದು ಕರರ್, ಎಲಿಸ್, ಆ್ಯಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ. 1846ರ ಅವರ ಕವನಸಂಕಲನ ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ. ಮರುವರ್ಷ ‘ಜೇನ್ ಐರ್’ ಗೆದ್ದಿತು.

● ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆ 1848ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದಂಗಡಿ ತೆರೆಯಿತು. ರೈಲು ಪ್ರಯಾಣಿಕರಿಗೆಂದೇ ಅಗ್ಗದ ಮುದ್ರಣಗಳು ಹುಟ್ಟಿಕೊಂಡವು.

● 1861ರಲ್ಲಿ ಕಾಗದದ ಮೇಲಿನ ಸುಂಕ ರದ್ದಾಯಿತು. ಅಚ್ಚಿನ ಖರ್ಚು ಇಳಿಯಲು ಇದೂ ಒಂದು ಕಾರಣ.

● ಕಾದಂಬರಿಕಾರ ಆಂಥೊನಿ ಟ್ರೊಲೊಪ್ ಅಂಚೆ ಇಲಾಖೆಯ ಅಧಿಕಾರಿ. ಕಚೇರಿಗೆ ಹೋಗುವ ಮುನ್ನ ಗಡಿಯಾರ ಎದುರಿಗಿಟ್ಟುಕೊಂಡು, 15 ನಿಮಿಷಕ್ಕೆ 250 ಪದಗಳಂತೆ ಬರೆಯುತ್ತಿದ್ದರು.

● ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ (1868) ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಮೊದಲ ಸಾಲಿನದು. ಅದರಲ್ಲಿ ಕಳುವಾಗುವ ವಜ್ರ 1799ರಲ್ಲಿ ಶ್ರೀರಂಗಪಟ್ಟಣದ ಲೂಟಿಯಲ್ಲಿ ಸಿಕ್ಕಿದ್ದು!

● 1894ರಲ್ಲಿ ಮ್ಯೂಡಿ ಮತ್ತು ಸ್ಮಿತ್ ಲೈಬ್ರರಿಗಳು ಒಂದು ಸಂಪುಟಕ್ಕೆ ನಾಲ್ಕು ಶಿಲಿಂಗ್‌ಗಿಂತ ಹೆಚ್ಚು ಕೊಡುವುದಿಲ್ಲ ಎಂದು ಪ್ರಕಾಶಕರಿಗೆ ತಿಳಿಸಿದವು. ಮೂರು ಸಂಪುಟಗಳ ಪದ್ಧತಿ ನಾಲ್ಕಾರು ವರ್ಷಗಳಲ್ಲೇ ಮೂಲೆಗುಂಪಾಯಿತು. ಸಾಕಿ ಸಲಹಿದವರೇ ಅದನ್ನು ಕೈಬಿಟ್ಟಿದ್ದರು. ಆರು ಶಿಲಿಂಗ್‌ನ ಒಂದೇ ಸಂಪುಟದ ಕಾದಂಬರಿ ಓದುಗರ ಮನೆ ಸೇರಿತು.