ಕೊಳಚೆ ನೀರು ಹೇಳುವ ಸುದ್ದಿ

ಕೊಳಚೆ ನೀರೆಂದೊಡನೆ ಮೂಗು ಮುಚ್ಚಿಕೊಂಡು ದೂರ ಸರಿಯುವುದು ನಮ್ಮೆಲ್ಲರ ಸಹಜ ಸ್ವಭಾವ. ಆದರೆ ವಿಜ್ಞಾನಿಯ ಕಣ್ಣಿಗೆ ಅದೂ ನಿರುಪಯುಕ್ತವಲ್ಲ. ವೈದ್ಯನು ನಾಡಿ ಹಿಡಿದು ರೋಗಿಯ ಸ್ಥಿತಿಯನ್ನು ತಿಳಿಯುವಂತೆ, ವಿಜ್ಞಾನಿಗಳು ಒಳಚರಂಡಿಯ ನೀರನ್ನು ಪರೀಕ್ಷಿಸಿ ಇಡೀ ನಗರದ ಆರೋಗ್ಯವನ್ನು ಅರಿಯುತ್ತಾರೆ.

ಇದರ ಅಗತ್ಯವೇನು? ಪೋಲಿಯೊ ರೋಗವನ್ನೇ ನೋಡೋಣ. ಅದರ ವೈರಸ್ ತಗುಲಿದ ಇನ್ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಉಂಟಾಗುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ರೋಗದ ಸುಳಿವೇ ಇರುವುದಿಲ್ಲ. ಆದರೂ ಅವರ ಕರುಳಿನಲ್ಲಿ ಬೆಳೆದ ವೈರಸ್ ಹಲವು ವಾರಗಳ ಕಾಲ ಮಲದೊಡನೆ ಹೊರಬೀಳುತ್ತಿರುತ್ತದೆ. ಮಗುವೊಂದರ ಕಾಲು ಸೋತುದನ್ನು ಕಂಡ ಮೇಲೆ ನಾವು ಎಚ್ಚೆತ್ತರೆ, ಅಷ್ಟರಲ್ಲಿ ರೋಗವು ನೂರಾರು ಮನೆಗಳನ್ನು ಹೊಕ್ಕಿರುತ್ತದೆ. ಆಸ್ಪತ್ರೆಯ ದಾಖಲೆಗಳಲ್ಲಿ ದೊರೆಯದ ಈ ಸುದ್ದಿ ಚರಂಡಿಯಲ್ಲಿ ದೊರೆಯುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ಗೊತ್ತುಪಡಿಸಿದ ಸ್ಥಳಗಳಲ್ಲಿ, ನಿಗದಿಯಾದ ದಿನಗಳಂದು, ಕೊಳಚೆ ನೀರನ್ನು ಸಂಗ್ರಹಿಸಿ, ತಂಪಾಗಿರಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಪಾರ ನೀರಿನಲ್ಲಿ ಚದುರಿಹೋದ ವೈರಸ್ಸನ್ನು ಅಲ್ಲಿ ಸಾಂದ್ರಗೊಳಿಸುತ್ತಾರೆ. ಬಳಿಕ ಅದನ್ನು ಜೀವಕೋಶಗಳಲ್ಲಿ ಬೆಳೆಸಿಯೋ, ಅದರ ಆನುವಂಶಿಕ ದ್ರವ್ಯವನ್ನು ಪತ್ತೆಹಚ್ಚಿಯೋ ಗುರುತಿಸುತ್ತಾರೆ.

ಭಾರತದಲ್ಲಿ ಪೋಲಿಯೊ ಪತ್ತೆಗಾಗಿ ಈ ಕಾರ್ಯ ಮೊದಲಾದುದು 2001ರಲ್ಲಿ, ಮುಂಬಯಿಯಲ್ಲಿ. 2011ರ ಜನವರಿಯ ಬಳಿಕ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನಿಂದ ಯಾವ ಮಗುವೂ ಅಂಗವಿಕಲವಾಗಲಿಲ್ಲ. ಆದರೆ ರೋಗಿಗಳಿಲ್ಲವೆಂದ ಮಾತ್ರಕ್ಕೆ ವೈರಸ್ ಇಲ್ಲವೆನ್ನಲಾಗದು. ಚರಂಡಿಯಲ್ಲಿಯೂ ಅದು ಕಾಣದಾದುದು ನಂಬಿಕೆಗೆ ಬಲ ತಂದಿತು. 2014ರ ಮಾರ್ಚಿಯಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಇಸ್ರೇಲ್ ದೇಶದ ಅನುಭವ ಇನ್ನೂ ಬೋಧಪ್ರದ. 2013ರಲ್ಲಿ ಅಲ್ಲಿನ ದಕ್ಷಿಣ ಭಾಗದ ಚರಂಡಿಗಳಲ್ಲಿ ಪೋಲಿಯೊ ವೈರಸ್ ಕಂಡುಬಂದಿತು. ಅಲ್ಲಿನ ಮಕ್ಕಳಿಗೆ ಚುಚ್ಚುಮದ್ದು ದೊರೆತಿತ್ತು. ಅದು ಅವರನ್ನು ಪಾರ್ಶ್ವವಾಯುವಿನಿಂದ ಕಾಪಾಡಿತಾದರೂ ವೈರಸ್ ಕರುಳಿನಲ್ಲಿ ಬೆಳೆದು ಹರಡುವುದನ್ನು ತಡೆಯಲಾರದೆ ಹೋಯಿತು. ಸರಕಾರವು ಕೂಡಲೇ ಲಕ್ಷಾಂತರ ಮಕ್ಕಳಿಗೆ ಬಾಯಿಯ ಮೂಲಕ ಲಸಿಕೆಯ ಹನಿ ಹಾಕಿಸಿತು. ಒಂದು ಮಗುವೂ ಪಾರ್ಶ್ವವಾಯುವಿಗೆ ತುತ್ತಾಗುವ ಮುನ್ನವೇ ರೋಗದ ಹಾದಿಯನ್ನು ಕಟ್ಟಿದಂತಾಯಿತು.

ಕೋವಿಡ್ ಹರಡಿದಾಗಲೂ ಇದೇ ಉಪಾಯ ನೆರವಿಗೆ ಬಂದಿತು. ಬೆಂಗಳೂರಿನ ವಿಜ್ಞಾನಿಗಳು 2022ರಲ್ಲಿ 28 ಶುದ್ಧೀಕರಣ ಘಟಕಗಳ ಕೊಳಚೆ ನೀರನ್ನು ಪರೀಕ್ಷಿಸಿ, ವೈರಸ್ಸಿನ ಏರಿಳಿತಗಳನ್ನೂ ರೂಪಾಂತರಗಳನ್ನೂ ಗಮನಿಸಿದರು.

ಈ ವಿಧಾನಕ್ಕೆ ಮಿತಿಗಳೂ ಉಂಟು. ರೋಗ ಯಾರ ಮನೆಯಲ್ಲಿದೆಯೆಂದು ಅದು ತಿಳಿಸದು. ಮಳೆ ಸುರಿದರೆ ಲೆಕ್ಕ ತಪ್ಪಬಹುದು. ಒಳಚರಂಡಿಯೇ ಇಲ್ಲದ ಬಡಾವಣೆಗಳ ಸುದ್ದಿ ಸುಲಭವಾಗಿ ದೊರೆಯದು. ಆದರೂ ಇದರಲ್ಲಿ ಒಂದು ಹಿರಿಮೆಯಿದೆ. ವೈದ್ಯರ ಬಳಿಗೆ ಹೋಗಲು ಹಣವಿಲ್ಲದವನ ಸುದ್ದಿಯೂ ಸಿರಿವಂತನ ಸುದ್ದಿಯೊಡನೆ ಬೆರೆತು ಅದೇ ನೀರಿನಲ್ಲಿ ಹರಿದುಬರುತ್ತದೆ. ಒಬ್ಬರ ಆರೋಗ್ಯ ಎಲ್ಲರ ಆರೋಗ್ಯದೊಡನೆ ಹೆಣೆದುಕೊಂಡಿದೆ ಎಂಬುದನ್ನು ನಾವು ಹೇಸುವ ಆ ನೀರೇ ನಮಗೆ ತಿಳಿಸಿಕೊಡುತ್ತದೆ.